ಊರಿನ ಕ್ರೈಮ್ ಲೆಕ್ಕ ಓದುವುದು ಹೇಗೆ?

ಕರಾವಳಿಯಲ್ಲಿ ಕ್ರೈಮ್ ಜಾಸ್ತಿ ಆಯ್ತು ಅಂತ ವಾಟ್ಸಾಪ್‌ನಲ್ಲಿ ಪಟ್ಟಿ ಬಂದ ಕೂಡಲೇ ಮುಂದಕ್ಕೆ ಕಳಿಸಬೇಡಿ. ನಮ್ಮೂರಿನ ಹೆಸರು ಸುಮ್ನೆ ಕೆಡುವುದು ನೋಡಿದರೆ ನನಗೆ ಸಂಕಟ ಆಗುತ್ತದೆ. ದೇಶದ ಅಪರಾಧಗಳ ಲೆಕ್ಕ ಇಡುವ ಕೇಂದ್ರ ಸರ್ಕಾರದ ಸಂಸ್ಥೆ ಎನ್‌ಸಿಆರ್‌ಬಿಯ ವೆಬ್‌ಸೈಟಿಗೆ ಹೋಗಿ 'ಕ್ರೈಮ್ ಇನ್ ಇಂಡಿಯಾ' ವರದಿ ಇಳಿಸಿಕೊಳ್ಳಿ, ದುಡ್ಡು ಕೊಡಬೇಕಾಗಿಲ್ಲ. ಅದು ಯಾವ ವರ್ಷದ ಲೆಕ್ಕ ಅಂತ ಮೊದಲು ನೋಡಿ, ಯಾಕೆಂದರೆ 2023ರ ವರದಿ ಹೊರಬಂದದ್ದೇ 2025ರ ಸೆಪ್ಟೆಂಬರ್‌ನಲ್ಲಿ.

ಆಮೇಲೆ ಜಿಲ್ಲಾವಾರು ಪಟ್ಟಿ ತೆರೆಯಿರಿ. ಹೆಚ್ಚಿನವರು ಎಡವುವುದು ಇಲ್ಲೇ. 'ದಕ್ಷಿಣ ಕನ್ನಡ' ಅನ್ನುವ ಸಾಲಿನಲ್ಲಿ ಮಂಗಳೂರು ಇಲ್ಲ ಮಾರಾಯ್ರೇ! 2010ರಲ್ಲಿ ಮಂಗಳೂರಿಗೆ ಪೊಲೀಸ್ ಕಮಿಷನರೇಟ್ (ನಗರಕ್ಕೇ ಬೇರೆ ಪೊಲೀಸ್ ವ್ಯವಸ್ಥೆ) ಬಂತಲ್ವಾ, ಅಂದಿನಿಂದ ಸುರತ್ಕಲ್, ಉಳ್ಳಾಲ, ಮೂಡುಬಿದಿರೆಯ ಕೇಸುಗಳೆಲ್ಲ 'ಮಂಗಳೂರು ನಗರ' ಅನ್ನುವ ಬೇರೆ ಸಾಲಿಗೆ ಹೋಗುತ್ತವೆ, ಜಿಲ್ಲಾ ಪೊಲೀಸ್ ಮುಖ್ಯಸ್ಥ ಎಸ್‌ಪಿ ಕೈಕೆಳಗಿರುವ ಪುತ್ತೂರು, ಸುಳ್ಯ, ಬೆಳ್ತಂಗಡಿ, ಬಂಟ್ವಾಳದ್ದು ಮಾತ್ರ ಜಿಲ್ಲೆಯ ಸಾಲಿನಲ್ಲಿ ಉಳಿಯುತ್ತವೆ. ಇಡೀ ಜಿಲ್ಲೆ ಬೇಕಾದರೆ ಎರಡನ್ನೂ ಕೂಡಿಸಿ. ಉಡುಪಿಗೆ ಒಂದೇ ಸಾಲು, ಕುಂದಾಪುರ, ಕಾರ್ಕಳ ಎಲ್ಲ ಅದರೊಳಗೇ. ಹಾಗಾಗಿ ಉಡುಪಿಯನ್ನು ಬರೀ ದಕ್ಷಿಣ ಕನ್ನಡದ ಸಾಲಿನ ಜೊತೆ ಇಟ್ಟು ನೋಡಿದರೆ ಲೆಕ್ಕ ತಪ್ಪುತ್ತದೆ.

ಜನಸಂಖ್ಯೆಯನ್ನೂ ನೋಡಿ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡಕ್ಕೆ ಸುಮಾರು 20.9 ಲಕ್ಷ, ಉಡುಪಿಗೆ ಸುಮಾರು 11.8 ಲಕ್ಷ ಜನ. ಕೇಸುಗಳನ್ನು ಜನಸಂಖ್ಯೆಯಿಂದ ಭಾಗಿಸಿ ಒಂದು ಲಕ್ಷದಿಂದ ಗುಣಿಸಿದರೆ ದರ ಸಿಗುತ್ತದೆ, ಹೋಲಿಸಬೇಕಾದ್ದು ಅದನ್ನೇ.

ಇನ್ನು ಗಾಂಜಾ ಕೇಸು. ಕಳ್ಳತನವಾದರೆ ಮನೆಯವರು ಸ್ಟೇಷನ್‌ಗೆ ಹೋಗಿ ದೂರು ಕೊಡುತ್ತಾರೆ. ಗಾಂಜಾಕ್ಕೆ ಹಾಗೆ ದೂರು ಕೊಡುವವರು ಕಡಿಮೆ, ಪೊಲೀಸರೇ ಹುಡುಕಿ ಹಿಡಿದಾಗಲೇ ಹೆಚ್ಚಿನ ಕೇಸು ಹುಟ್ಟುವುದು. ಆದ್ದರಿಂದ ಎನ್‌ಡಿಪಿಎಸ್ (ಮಾದಕ ವಸ್ತು ತಡೆ ಕಾಯ್ದೆ) ಕೇಸು ಏರಿದರೆ ಮಾರಾಟ ಜಾಸ್ತಿ ಆಗಿರಬಹುದು, ದಾಳಿ ಜಾಸ್ತಿ ಆಗಿರಬಹುದು, ಎರಡೂ ಇರಬಹುದು. ಆ ಒಂದು ಅಂಕಿ ಹಿಡಿದು ಮಣಿಪಾಲದ ಮಕ್ಕಳನ್ನೆಲ್ಲ ದೂರಬೇಡಿ.

ಒಂದೇ ಎಫ್‌ಐಆರ್‌ನಲ್ಲಿ ಕೊಲೆ, ದರೋಡೆ ಎರಡೂ ಇದ್ದರೆ ಕೊಲೆ ಮಾತ್ರ ಎಣಿಕೆಗೆ ಬರುತ್ತದೆ. ನೂರಕ್ಕೆ ಎಷ್ಟು ಕೇಸಿನಲ್ಲಿ ಶಿಕ್ಷೆ ಆಯ್ತು ಅನ್ನುವ ಲೆಕ್ಕ ಕೊಡುವುದು ಆ ವರ್ಷ ವಿಚಾರಣೆ ಮುಗಿದ ಕೇಸುಗಳಿಗೆ, ಅವು ಎಷ್ಟೋ ವರ್ಷ ಹಳೆಯವೂ ಇರಬಹುದು.

2024ರ ಅಂಕಿ ನೋಡುವಾಗ ಇನ್ನೊಂದು ಎಚ್ಚರ. ಆ ವರ್ಷ ಜುಲೈ 1ರಿಂದ ಹಳೆಯ ದಂಡ ಸಂಹಿತೆ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು, ಕೊಲೆಗೆ ಇದ್ದ ಸೆಕ್ಷನ್ 302 ಈಗ 103. ಹಳೆ ವರ್ಷದ ಜೊತೆ ಹೋಲಿಸುವಾಗ ಸೆಕ್ಷನ್ ನಂಬರ್ ಬಿಟ್ಟು ಅಪರಾಧದ ಹೆಸರು ಹಿಡಿದು ಹುಡುಕಿ.