ಕಿಲ್ಲಿಫಿಶ್ ಸಾಕಣೆ: ಮೊಟ್ಟೆ ನೋಡಲು ಕಲಿತರೆ ಅರ್ಧ ಗೆದ್ದ ಹಾಗೆ

ಕಿಲ್ಲಿಫಿಶ್ ಎಂಬ ಪುಟ್ಟ ಅಕ್ವೇರಿಯಂ ಮೀನು ಸಾಕುವವರು ಮೀನಿಗಿಂತ ಮೊಟ್ಟೆಯನ್ನೇ ಜಾಸ್ತಿ ನೋಡುತ್ತಾರೆ. ಗಪ್ಪಿ, ಮೋಲಿ ತರಹ ಇವು ಮರಿ ಹಾಕುವುದಿಲ್ಲ. ಏಂಜೆಲ್ ಮೀನಿನ ತರಹ ಒಟ್ಟಿಗೆ ನೂರಾರು ಮೊಟ್ಟೆ ಇಟ್ಟು ಕಾವಲು ಕಾಯುವುದೂ ಇಲ್ಲ. ದಿನಕ್ಕೆ ಒಂದಿಷ್ಟು ಮೊಟ್ಟೆಗಳನ್ನು ಗಿಡದ ಸಂದಿಯಲ್ಲೋ ತಳದ ಕೆಸರಿನಲ್ಲೋ ಇಟ್ಟು ಮುಂದೆ ಹೋಗುತ್ತವೆ. ಆಮೇಲಿನ ಕೆಲಸವೆಲ್ಲ ನಮ್ಮದು. ನನಗೆ ಈ ಮೀನು ಇಷ್ಟು ಹಿಡಿಸಿದ್ದೇ ಅದಕ್ಕೆ.

ಹೊಸಬರು ಕೇಳಿದರೆ ನಾನು ಹೇಳುವ ಮೊದಲ ಹೆಸರು ಗಾರ್ಡ್ನೆರಿ. ಪೂರ್ತಿ ಹೆಸರು ಫಂಡುಲೋಪಾಂಚಾಕ್ಸ್ ಗಾರ್ಡ್ನೆರಿ. ನೈಜೀರಿಯಾ, ಕ್ಯಾಮರೂನ್ ಕಡೆಯ ತೊರೆಗಳ ಮೀನು. ನಾನೂ ಅದರಿಂದಲೇ ಶುರು ಮಾಡಿದೆ. ಗಂಡಿನ ಮೈ ನೀಲಿ-ಹಸಿರು, ಅದರ ಮೇಲೆ ಕೆಂಪು ಚುಕ್ಕೆ, ರೆಕ್ಕೆಗಳಿಗೆ ಹಳದಿ ಅಂಚು. ಹೆಣ್ಣು ಮಂಕು ಕಂದು ಬಣ್ಣ. ಒಂದು ಗಂಡಿಗೆ ಎರಡು ಮೂರು ಹೆಣ್ಣು ಇದ್ದರೆ ಒಳ್ಳೆಯದು. ಒಂದೇ ಹೆಣ್ಣಾದರೆ ಗಂಡು ಅಟ್ಟಾಡಿಸಿ ಸುಸ್ತು ಮಾಡಿಬಿಡುತ್ತದೆ. 20 ಲೀಟರ್ ಟ್ಯಾಂಕ್, ನಿಧಾನಕ್ಕೆ ಗುಳ್ಳೆ ಬಿಡುವ ಸ್ಪಾಂಜ್ ಫಿಲ್ಟರ್, ಒಂದು ಹಿಡಿ ಜಾವಾ ಮಾಸ್ (ನೀರಿನ ಪಾಚಿಗಿಡ), 22ರಿಂದ 25 ಡಿಗ್ರಿ ನೀರು ಇದ್ದರೆ ಸಾಕು. ಹೀಟರ್ ಬೇಕೇಬೇಕು ಅಂತೇನಿಲ್ಲ. ಆದರೆ ಮುಚ್ಚಳ ಮಾತ್ರ ಬೇಕೇಬೇಕು. ಏರ್ ಪೈಪ್ ಹೋಗುವ ತೂತು ಸ್ವಲ್ಪ ದೊಡ್ಡದಿದ್ದರೂ ಕಿಲ್ಲಿ ಅಲ್ಲಿಂದ ಹಾರಿ ಹೊರಗೆ ಬೀಳುತ್ತದೆ. ನಾನು ಆ ಸಂದಿಗೆ ಸ್ಪಾಂಜ್ ತುಂಡು ತುರುಕುತ್ತೇನೆ.

ಮೊಟ್ಟೆ ಇಡಲು ಮಾಪ್ ಬೇಕು. ಅಕ್ರಿಲಿಕ್ ಉಣ್ಣೆ ದಾರವನ್ನು ಪುಸ್ತಕಕ್ಕೆ ಸುತ್ತಿ, ಒಂದು ಕಡೆ ಗಂಟು ಹಾಕಿ, ಇನ್ನೊಂದು ಕಡೆ ಕತ್ತರಿಸಿದರೆ ಮಾಪ್ ತಯಾರು. ಬಣ್ಣ ಬಿಡದ ಹಾಗೆ ಮೊದಲು ಕುದಿಸಬೇಕು. ಕಡು ಹಸಿರು ಅಥವಾ ಕಪ್ಪು ದಾರ ಆದರೆ ಮೊಟ್ಟೆ ಚೆನ್ನಾಗಿ ಕಾಣುತ್ತದೆ. ಗಂಡು ಹೆಣ್ಣನ್ನು ಒಂದು ವಾರ ಬೇರೆ ಬೇರೆ ಇಟ್ಟು ಜೀವಂತ ಆಹಾರ ಕೊಟ್ಟು, ಆಮೇಲೆ ಒಟ್ಟಿಗೆ ಬಿಡಿ. ಗಂಡು ರೆಕ್ಕೆ ಬಿಚ್ಚಿ ಹೆಣ್ಣಿನ ಸುತ್ತ ಸುಳಿಯುತ್ತದೆ. ಎರಡೂ ಪಕ್ಕಕ್ಕೆ ಪಕ್ಕ ಒತ್ತಿಕೊಂಡು ಮಾಪ್ ಒಳಗೆ ನುಗ್ಗುತ್ತವೆ. ಒಂದು ಕ್ಷಣ ಮೈ ನಡುಗುತ್ತದೆ, ಒಂದು ಮೊಟ್ಟೆ ದಾರಕ್ಕೆ ಅಂಟುತ್ತದೆ. ಮತ್ತೆ ಇನ್ನೊಂದು ಸುತ್ತು.

ಮಾಪ್ ತೆಗೆದು, ಮೆಲ್ಲಗೆ ಹಿಂಡಿ, ಬೆಳಕಿಗೆ ಹಿಡಿದು ಎಳೆ ಎಳೆಯಾಗಿ ಬಿಡಿಸುತ್ತೇನೆ. ಮೊಟ್ಟೆ ಸಾಸಿವೆ ಕಾಳಿನಷ್ಟಿರುತ್ತದೆ. ಗಾಜಿನ ಹಾಗೆ ಹೊಳೆಯುತ್ತದೆ. ಬೆರಳಲ್ಲೇ ಕಿತ್ತು ತೆಗೆಯಬಹುದು, ಒಡೆಯುವುದಿಲ್ಲ. ಬೆರಳ ತುದಿಯಲ್ಲಿ ಉರುಳಿಸಿದಾಗ ಗಟ್ಟಿಯಾಗಿದ್ದರೆ ಒಳ್ಳೆಯ ಮೊಟ್ಟೆ. ಮೆತ್ತಗಿದ್ದು ಪಚ್ ಅಂತ ಒಡೆದರೆ ಅದು ಹೇಗೂ ಉಳಿಯುತ್ತಿರಲಿಲ್ಲ. ಎಲ್ಲವನ್ನೂ ಚಿಕ್ಕ ಡಬ್ಬಿಯಲ್ಲಿ ಹಾಕಿ, ಬೂಷ್ಟು ಹಿಡಿಯದಿರಲೆಂದು ನೀರು ತಿಳಿ ನೀಲಿ ಆಗುವಷ್ಟು ಮಾತ್ರ ಮೆಥಿಲಿನ್ ಬ್ಲೂ ಎಂಬ ಔಷಧಿ ಬಿಡುತ್ತೇನೆ. ದಿನಾ ನೋಡಿ, ಬೆಳ್ಳಗಾದ ಮೊಟ್ಟೆಯನ್ನು ಡ್ರಾಪರಿನಲ್ಲಿ ತೆಗೆಯಲೇಬೇಕು. ಬಿಟ್ಟರೆ ಅದರ ಬೂಷ್ಟು ಪಕ್ಕದ್ದಕ್ಕೂ ಹಬ್ಬುತ್ತದೆ.

ಸುಮಾರು ಒಂದು ವಾರಕ್ಕೆ ಭೂತಗನ್ನಡಿಯಲ್ಲಿ ಎರಡು ಕಪ್ಪು ಚುಕ್ಕೆ ಕಾಣುತ್ತವೆ. ಅವೇ ಕಣ್ಣು. ಆಮೇಲೆ ಕಣ್ಣಿನ ಸುತ್ತ ಚಿನ್ನದ ಬಣ್ಣದ ಉಂಗುರ ಮೂಡುತ್ತದೆ. ಮರಿ ಮೊಟ್ಟೆಯೊಳಗೇ ಸುತ್ತಿಕೊಂಡು ಆಗಾಗ ಹೊರಳುತ್ತದೆ. ಆ ಉಂಗುರ ಕಂಡರೆ ಮರಿ ಸಿದ್ಧ ಎಂದರ್ಥ. ಗಾರ್ಡ್ನೆರಿಯಲ್ಲಿ ಇದಕ್ಕೆಲ್ಲ ಎರಡರಿಂದ ಮೂರು ವಾರ ಬೇಕು. ಕೆಲವು ಮಾತ್ರ ಸಿದ್ಧವಾದರೂ ಹೊರಗೆ ಬರದೆ ಹಾಗೇ ಕೂತಿರುತ್ತವೆ. ಅಂಥವನ್ನು ಚಿಕ್ಕ ಶೀಶೆಗೆ ಹಾಕಿ, ಒಂದು ಕೊಳವೆಯಲ್ಲಿ ನೀರಿಗೆ ಬಾಯಿಂದ ಉಸಿರು ಊದುತ್ತೇನೆ. ನಮ್ಮ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿ, ಆಮ್ಲಜನಕ ಕಡಿಮೆ. ಒಳಗಿರುವ ಮರಿಗೆ ಅದೇ ಸೂಚನೆ. ಸ್ವಲ್ಪ ಹೊತ್ತಿಗೆ ಮೊಟ್ಟೆ ಬಿರಿದು ಬಾಲ ಹೊರಗೆ ಬರುವುದನ್ನು ನಾನು ಇಂದಿಗೂ ಕೂತು ನೋಡುತ್ತೇನೆ.

ಮರಿ ಹೊರಬಂದ ದಿನವೇ ಹೊಸದಾಗಿ ಮೊಟ್ಟೆಯೊಡೆದ ಆರ್ಟೀಮಿಯಾ, ಅಂದರೆ ಉಪ್ಪುನೀರಿನ ಸಣ್ಣ ಸಿಗಡಿಯ ಮರಿ, ತಿನ್ನುತ್ತದೆ. ಅದಕ್ಕೇ ಮರಿ ಬರುವ ಮೊದಲೇ ಆರ್ಟೀಮಿಯಾ ಬಾಟಲಿ ಓಡುತ್ತಿರಬೇಕು. ಒಂದು ಲೀಟರ್ ನೀರಿಗೆ ಸುಮಾರು 25 ಗ್ರಾಂ ಉಪ್ಪು, ಜೋರಾಗಿ ಗಾಳಿ, 26ರಿಂದ 28 ಡಿಗ್ರಿ ಇಟ್ಟರೆ ಅದರ ಮೊಟ್ಟೆ 24ರಿಂದ 36 ಗಂಟೆಯಲ್ಲಿ ಒಡೆಯುತ್ತದೆ. ಗಾಳಿ ನಿಲ್ಲಿಸಿ ಒಂದು ಮೂಲೆಗೆ ಟಾರ್ಚ್ ಹಿಡಿದರೆ ಕಿತ್ತಳೆ ಮೋಡದ ಹಾಗೆ ಎಲ್ಲ ಅಲ್ಲಿಗೇ ಬರುತ್ತವೆ. ಬಟ್ಟೆಯಲ್ಲಿ ಸೋಸಿ, ಸಿಹಿನೀರಲ್ಲಿ ತೊಳೆದು ಕೊಡಬೇಕು. ಮರಿಯ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ತಿಂದಿದೆ ಎಂದೇ ಲೆಕ್ಕ. ಪುಡಿ ಆಹಾರವನ್ನು ನಾನು ನೆಚ್ಚುವುದಿಲ್ಲ. ಅದು ತಳದಲ್ಲಿ ಕೊಳೆತು ನೀರು ಕೆಡಿಸುತ್ತದೆ, ಅಷ್ಟೇ. ದೊಡ್ಡ ಮರಿಗಳನ್ನು ಆಗಾಗ ಬೇರೆ ಮಾಡಿ, ಇಲ್ಲದಿದ್ದರೆ ಚಿಕ್ಕವು ಮಾಯವಾಗುತ್ತವೆ.

ಗಾರ್ಡ್ನೆರಿ ಕೈಗೆ ಹತ್ತಿದ ಮೇಲೆ ನಾಥೋಬ್ರಾಂಕಿಯಸ್ ಎಂಬ ಇನ್ನೊಂದು ಕಿಲ್ಲಿ ಗುಂಪಿನ ಕಡೆಗೆ ಬನ್ನಿ. ಇವು ಪೂರ್ವ ಆಫ್ರಿಕಾದ ಮಳೆಹೊಂಡಗಳ ಮೀನುಗಳು. ಹೊಂಡ ಬತ್ತಿದಾಗ ದೊಡ್ಡ ಮೀನೆಲ್ಲ ಸಾಯುತ್ತವೆ, ಮೊಟ್ಟೆ ಮಾತ್ರ ಒಣ ಕೆಸರಿನಲ್ಲಿ ಮುಂದಿನ ಮಳೆಗೆ ಕಾಯುತ್ತದೆ. ನಾಥೋಬ್ರಾಂಕಿಯಸ್ ಫುರ್ಜೆರಿ ಮೊಝಾಂಬಿಕ್‌ನ ಹೊಂಡಗಳಲ್ಲಿ ಎರಡೇ ವಾರದಲ್ಲಿ ಪ್ರಾಯಕ್ಕೆ ಬರಬಲ್ಲದು ಎಂದು ಸಂಶೋಧಕರು 2018ರಲ್ಲಿ ವರದಿ ಮಾಡಿದರು. ನನ್ನ ಹತ್ತಿರ ಇರುವುದು ಇದೇ ಗುಂಪಿನ, ಜಾಂಜಿಬಾರಿನ ಗುಂತೆರಿ.

ಇದಕ್ಕೆ ಮಾಪ್ ಬೇಡ. ಕುದಿಸಿದ ಪೀಟ್ (ಜೌಗು ನೆಲದ ಕೊಳೆತ ಪಾಚಿಯ ಪುಡಿ) ತುಂಬಿದ ಡಬ್ಬಿಯನ್ನು ತಳದಲ್ಲಿಟ್ಟರೆ ಜೋಡಿ ಅದರೊಳಗೇ ಮೊಟ್ಟೆ ಇಡುತ್ತದೆ. ಒಂದೆರಡು ವಾರಕ್ಕೆ ಪೀಟ್ ತೆಗೆದು ಹಿಂಡಬೇಕು. ತೇವ ಎಷ್ಟಿರಬೇಕು ಎನ್ನುವುದೇ ಇಲ್ಲಿ ಎಲ್ಲ. ಮುಷ್ಟಿಯಲ್ಲಿ ಒತ್ತಿದರೆ ನೀರು ತೊಟ್ಟಿಕ್ಕಬಾರದು, ಅಂಗೈ ಮಾತ್ರ ತಣ್ಣಗಾಗಬೇಕು. ತೇವ ಜಾಸ್ತಿಯಾದರೆ ಮೊಟ್ಟೆ ಬೆಳೆಯದೆ ನಿದ್ದೆಗೆ ಜಾರುತ್ತದೆ, ತೀರಾ ಒಣಗಿದರೆ ಗುಳಿ ಬೀಳುತ್ತದೆ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮೀನಿನ ಹೆಸರು, ಪೀಟ್ ತೆಗೆದ ತಾರೀಕು ಬರೆದು 24 ಡಿಗ್ರಿ ಆಸುಪಾಸಿನಲ್ಲಿ ಇಡಿ. ಗುಂತೆರಿಗೆ ಎರಡು ಮೂರು ತಿಂಗಳು ಬೇಕು. ತಾರೀಕು ಒಂದು ಅಂದಾಜು ಮಾತ್ರ. ನಾನು ಒಂದು ಚಿಟಿಕೆ ಪೀಟನ್ನು ಬಿಳಿ ಹಾಳೆಯ ಮೇಲೆ ಹರಡಿ ಅದೇ ಚಿನ್ನದ ಉಂಗುರ ಹುಡುಕುತ್ತೇನೆ. ಹೆಚ್ಚಿನವುಗಳಲ್ಲಿ ಕಂಡರೆ 18 ಡಿಗ್ರಿಯ ತಣ್ಣೀರು ಹಾಕುತ್ತೇನೆ. ಕೆಲವೇ ಗಂಟೆಯಲ್ಲಿ ಮರಿಗಳು ಮೇಲೆ ಈಜುತ್ತಿರುತ್ತವೆ. ಅವಸರಪಟ್ಟು ಮೊದಲೇ ನೀರು ಹಾಕಿದರೆ ಗಾಳಿಚೀಲ ತುಂಬದೆ ತಳದಲ್ಲೇ ತೆವಳುವ ಮರಿಗಳು ಜಾಸ್ತಿ ಬರುತ್ತವೆ. ಅವು ಸರಿಯಾಗುವುದು ಅಪರೂಪ.

ಮರಿ ತೆಗೆದ ಪೀಟನ್ನು ಎಸೆಯಬೇಡಿ. ಎಲ್ಲ ಮೊಟ್ಟೆ ಒಂದೇ ಸಲ ಒಡೆಯುವುದಿಲ್ಲ. ಸುಳ್ಳು ಮಳೆ ಬಂದು ಹೊಂಡ ಮತ್ತೆ ಬತ್ತಿದರೂ ವಂಶ ಉಳಿಯಲಿ ಎಂದು ಈ ಏರ್ಪಾಟು. ಮತ್ತೆ ಹಿಂಡಿ, ಚೀಲಕ್ಕೆ ಹಾಕಿ, ಕೆಲವು ವಾರ ಬಿಟ್ಟು ನೀರು ಹಾಕಿದರೆ ಇನ್ನೊಂದು ಕಂತು ಬರುತ್ತದೆ.

ನಾಥೋಗಳಿಗೆ ವೆಲ್ವೆಟ್ ರೋಗದ (ಮೈಗೆ ಅಂಟುವ ಪರಾವಲಂಬಿ ಜೀವಿಯಿಂದ ಬರುವುದು) ಕಾಟ ಜಾಸ್ತಿ. ಟಾರ್ಚ್ ಓರೆಯಾಗಿ ಬಿಟ್ಟರೆ ಮೈಮೇಲೆ ಸಣ್ಣ ಹಳದಿ ಧೂಳು ಕಾಣುತ್ತದೆ. 10 ಲೀಟರಿಗೆ ಒಂದೆರಡು ಟೀ ಚಮಚ ಕಲ್ಲುಪ್ಪನ್ನು ನಾನು ಮೊದಲಿಂದಲೇ ಹಾಕಿಡುತ್ತೇನೆ.

ಇನ್ನೊಂದು ವಿಷಯದಲ್ಲಿ ನಾನು ಹಟಮಾರಿ. ಬೇರೆ ಬೇರೆ ಜಾಗದಿಂದ ಬಂದ ಒಂದೇ ಜಾತಿಯ ಮೀನುಗಳನ್ನು ಒಂದೇ ಟ್ಯಾಂಕಿಗೆ ಬಿಡುವುದಿಲ್ಲ. ಹೆಣ್ಣುಗಳು ಒಂದೇ ತರಹ ಕಾಣುತ್ತವೆ, ಒಮ್ಮೆ ಬೆರೆತರೆ ಬೇರೆ ಮಾಡಲು ಆಗುವುದಿಲ್ಲ. ಗೆಳೆಯರಿಗೆ ಮೀನು ಕೊಟ್ಟರೂ, ಅಂಚೆಯಲ್ಲಿ ಪೀಟ್ ಚೀಲ ಕಳಿಸಿದರೂ, ಅದು ಮೂಲದಲ್ಲಿ ಸಿಕ್ಕ ಜಾಗದ ಹೆಸರು ಚೀಟಿಯಲ್ಲಿ ಇರಲೇಬೇಕು. ಪಡೆಯುವಾಗಲೂ ಮೊದಲು ಅದನ್ನೇ ಕೇಳಿ.