ಹನ್ನೆರಡು ಕಿಲೋಮೀಟರ್ ಸಾಕು

ಮಕ್ಕಳ ಜೊತೆ ಸೈಕಲ್ ಪ್ರವಾಸ ಅಂದ ತಕ್ಷಣ ನಮ್ಮೆಜಮಾನರು ಬೆಂಗಳೂರಿನಿಂದ ಮೈಸೂರಿಗೆ ಲೆಕ್ಕ ಹಾಕತೊಡಗಿದರು. ಮಗಳಿಗೆ ಒಂಬತ್ತು, ಮಗನಿಗೆ ನಾಲ್ಕು! ಮೂರು ಭಾನುವಾರ ಮಗಳನ್ನು ಕಬ್ಬನ್ ಪಾರ್ಕಿಗೆ ಕರೆದುಕೊಂಡು ಹೋಗಿ ನೋಡಿದ್ದೆ. ಹತ್ತು ಕಿಲೋಮೀಟರ್ ಆದ ಮೇಲೆ ಅವಳ ಹ್ಯಾಂಡಲ್ ಆ ಕಡೆ ಈ ಕಡೆ ಆಡುತ್ತದೆ. ಸುಸ್ತು ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಹಾಗಾಗಿ ದಿನಕ್ಕೆ ಹನ್ನೆರಡು, ಅದೂ ನಡುವೆ ಎರಡು ಸಲ ಕೂತೆದ್ದು, ಅಂತ ತೀರ್ಮಾನ ಮಾಡಿದೆ.

ಜಾಗ ಶ್ರೀರಂಗಪಟ್ಟಣ. ಚಿಕ್ಕಮ್ಮನ ಮನೆ ಇದೆ, ನೆಲ ಸಮತಟ್ಟು. ದಿನಾ ಬೇರೆ ಊರಿಗೆ ಲಗೇಜು ಹೊತ್ತು ಹೋಗುವ ತಾಪತ್ರಯವಿಲ್ಲ. ಸೈಕಲ್‌ಗಳ ಮುಂದಿನ ಚಕ್ರ ಬಿಚ್ಚಿ ಕಾರಿಗೆ ತುಂಬಿದೆವು.

ಆದರೆ ಅದಕ್ಕೂ ಒಂದು ವಾರ ಮುಂಚೆ ನಾನೊಬ್ಬಳೇ ಹೋಗಿ, ಚಿಕ್ಕಮ್ಮನ ಸ್ಕೂಟರಿನಲ್ಲಿ ದಾರಿಗಳನ್ನೆಲ್ಲ ಸುತ್ತಿಬಂದಿದ್ದೆ. ನನ್ನ ಕೇಳಿದರೆ ಹೆಲ್ಮೆಟ್ಟಿನಷ್ಟೇ ಮುಖ್ಯ ಇದು. ಮ್ಯಾಪಿನಲ್ಲಿ ನಾಲೆ ಏರಿ ಮೇಲಿನ ರಸ್ತೆ ಎಷ್ಟು ಚೆಂದ ಕಾಣುತ್ತಿತ್ತು! ಹೋಗಿ ನೋಡಿದರೆ ಪಕ್ಕದಲ್ಲೇ ತುಂಬಿದ ನೀರು, ತಡೆಗೋಡೆ ಇಲ್ಲ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸೇ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ಸತ್ತಿದ್ದರು. ಆ ದಾರಿ ಕೈಬಿಟ್ಟೆ. ಕಬ್ಬಿನ ಟ್ರ್ಯಾಕ್ಟರ್‌ಗಳು ಓಡಾಡುವ ರಸ್ತೆಯನ್ನೂ ಬಿಟ್ಟೆ. ಅವುಗಳ ಲೋಡು ಎರಡೂ ಕಡೆ ಚಾಚಿಕೊಂಡಿರುತ್ತದೆ.

ಮೊದಲ ದಿನ ದರಿಯಾ ದೌಲತ್, ಗುಂಬಜ್, ಅಲ್ಲಿಂದ ಸಂಗಮ. ಬೆಳಿಗ್ಗೆ ಏಳಕ್ಕೆ ಹೊರಟು ಹತ್ತರೊಳಗೆ ಮನೆ. ನಮ್ಮೆಜಮಾನರು ಮುಂದೆ, ಅವರ ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿ ಕೂರಿಸಿದ ಮಗ. ನಡುವೆ ಮಗಳು. ನಾನು ಅವಳಿಗಿಂತ ಸ್ವಲ್ಪ ಹಿಂದೆ, ಬಲಗಡೆಗೆ. ಹಿಂದಿನಿಂದ ಬರುವ ಗಾಡಿಯವರು ಮೊದಲು ನನ್ನನ್ನು ಬಳಸಿಕೊಂಡು ಹೋಗಬೇಕಲ್ವಾ? ನಾಯಿ ಬೊಗಳಿದರೆ ಸೈಕಲ್ ಓಡಿಸಬಾರದು. ಇಳಿದು, ಸೈಕಲನ್ನು ನಡುವೆ ಇಟ್ಟುಕೊಂಡು ನಡೆಯಬೇಕು. ಮನೆಯ ಮುಂದೆಯೇ ಇದನ್ನು ಆಟದ ಹಾಗೆ ಕಲಿಸಿದ್ದೆ. ಸಂಗಮದಲ್ಲಿ ಮೆಟ್ಟಿಲ ಮೇಲೆ ಕೂತು ಕಾಲು ನೆನೆಸಿದ್ದಷ್ಟೇ. ನದಿಗಿಳಿಯಲು ಬಿಡಲಿಲ್ಲ, ಮಗ ರಂಪ ಮಾಡಿದ. ರಂಗನತಿಟ್ಟಿಗೆ ಹೆದ್ದಾರಿ ದಾಟಬೇಕು, ಅಲ್ಲಿಗೆ ಸುಮ್ನೆ ಕಾರಿನಲ್ಲೇ ಹೋದೆವು.

ಎಡವಟ್ಟಾಗಿದ್ದು ಮೂರನೇ ದಿನ, ಕರಿಘಟ್ಟದ ಕಡೆ. ಜನವರಿ ತಿಂಗಳು, ಹುರುಳಿ ಒಕ್ಕಣೆಯ ಕಾಲ. ಗಾಡಿಗಳು ತುಳಿದು ಕಾಳು ಬಿಡಲಿ ಅಂತ ಹುರುಳಿ ಗಿಡವನ್ನು ರಸ್ತೆ ತುಂಬ ಹರಡಿದ್ದರು. ಮಗಳು ಖುಷಿಯಲ್ಲಿ ನುಗ್ಗಿದಳು. ಹತ್ತು ಮಾರು ಹೋಗುವಷ್ಟರಲ್ಲಿ ಬಳ್ಳಿ ಚೈನಿಗೆ ಸುತ್ತಿಕೊಂಡು ಪೆಡಲ್ ಲಾಕ್! ಧೊಪ್ಪಂತ ಬಿದ್ದಳು. ಮೊಣಕೈ ತರಚಿತು, ಹೆಲ್ಮೆಟ್ ಇದ್ದಿದ್ದರಿಂದ ತಲೆಗೇನೂ ಆಗಲಿಲ್ಲ. ವಾರದ ಹಿಂದೆ ನಾನು ನೋಡಿದಾಗ ಆ ರಸ್ತೆ ಖಾಲಿಯಿತ್ತು.

ಬದಿಯಲ್ಲಿ ಕೂತಿದ್ದ ಅಜ್ಜಿ ಎದ್ದು ಬಂದರು. "ಯಾಕವ್ವಾ, ಬಸ್ಸು ಸಿಗ್ನಿಲ್ವಾ?" ಅಂತ ಕೇಳಿ, ನಮ್ಮ ಉತ್ತರಕ್ಕೂ ಕಾಯದೆ ಮಗಳ ಕೈಗೆ ನೀರು ಹಾಕಿದರು. ನನ್ನ ಹೇರ್‌ಪಿನ್ನಿನಿಂದ ಒಂದೊಂದೇ ನಾರು ಎಳೆದು ತೆಗೆಯಲು ಅರ್ಧ ಗಂಟೆ ಹಿಡಿಯಿತು. ಅಷ್ಟರಲ್ಲಿ ಮಕ್ಕಳಿಬ್ಬರೂ ಅಜ್ಜಿಯ ಜೊತೆ ಹುರುಳಿ ಹರವುತ್ತಿದ್ದರು. ಆ ದಿನ ತುಳಿದದ್ದು ಒಟ್ಟು ಏಳೇ ಕಿಲೋಮೀಟರ್.