ಎಂಜಲಲ್ಲ, ಕಫ ಬೇಕು

ಮಂಡ್ಯದ ಕ್ಷಯ ಪ್ರಯೋಗಾಲಯಕ್ಕೆ ತಂತ್ರಜ್ಞನಾಗಿ ಸೇರಿದಾಗ ನನ್ನ ಪಾಲಿಗೆ ಬಂದದ್ದು ಸೂಕ್ಷ್ಮದರ್ಶಕ. ಸ್ಲೈಡಿನ ಮೇಲೆ ಕಫ ಸವರಿ, ಕಾರ್ಬಾಲ್ ಫುಕ್ಸಿನ್ ಸುರಿದು ಕಾಯಿಸಿ, ಆಮ್ಲದಲ್ಲಿ ತೊಳೆದು, ಮೆಥಿಲೀನ್ ನೀಲಿ ಹಾಕಿ ನೋಡುತ್ತಿದ್ದೆ. ನೀಲಿಯ ನಡುವೆ ಕೆಂಪು ಕಡ್ಡಿಗಳು ಕಂಡರೆ ಕ್ಷಯ. ಆದರೆ ಒಂದು ಮಿಲಿಲೀಟರ್ ಕಫದಲ್ಲಿ 5,000ದಿಂದ 10,000 ಕ್ರಿಮಿಗಳಾದರೂ ಇರದಿದ್ದರೆ ಅವು ಕಣ್ಣಿಗೆ ಬೀಳುವುದಿಲ್ಲ. ಅದಕ್ಕಿಂತ ಕಡಿಮೆ ಇದ್ದ ಎಷ್ಟು ಮಂದಿಯನ್ನು ‘ನೆಗೆಟಿವ್’ ಎಂದು ಬರೆದು ಮನೆಗೆ ಕಳುಹಿಸಿದೆನೋ ಎಂಬ ಸಂಕಟ ಈಗಲೂ ಇದೆ.

ಆಮೇಲೆ ಟ್ರೂನ್ಯಾಟ್ ಬಂತು. ಗೋವಾದಲ್ಲಿ ತಯಾರಾಗುವ ಯಂತ್ರ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಒಪ್ಪಿತು. ಬ್ಯಾಟರಿಯಲ್ಲೂ ನಡೆಯುತ್ತದೆ, ಕರೆಂಟ್ ಕೈಕೊಡುವ ಊರುಗಳಿಗೆ ಇದು ದೊಡ್ಡ ವರ. ಇದು ಕ್ರಿಮಿಯನ್ನು ನೋಡುವುದಿಲ್ಲ, ಅದರ ಡಿಎನ್‌ಎಯನ್ನು ಮತ್ತೆ ಮತ್ತೆ ಇಮ್ಮಡಿಗೊಳಿಸಿ ಪತ್ತೆ ಹಚ್ಚುತ್ತದೆ. ಹಾಗಾಗಿ ಸೂಕ್ಷ್ಮದರ್ಶಕಕ್ಕೆ ಸಿಗದಷ್ಟು ಕಡಿಮೆ ಕ್ರಿಮಿಗಳಿದ್ದರೂ ಸಿಕ್ಕಿಬೀಳುತ್ತವೆ.

ಕೆಲಸದ ಜೀವಾಳ ಇರುವುದು ಕೈಯಲ್ಲಿ. ಮೊದಲು ಕಫಕ್ಕೆ ದ್ರಾವಣ ಹಾಕಿ ಅದರ ಜಿಗುಟು ಬಿಡಿಸಬೇಕು. ಹಾಗೆ ನೀರಾದ ಕಫದಿಂದ ಒಂದು ಯಂತ್ರ ಸುಮಾರು ಇಪ್ಪತ್ತು ನಿಮಿಷದಲ್ಲಿ ಡಿಎನ್‌ಎ ತೆಗೆದುಕೊಡುತ್ತದೆ. ಅದರಲ್ಲಿ 6 ಮೈಕ್ರೋಲೀಟರನ್ನು ಪಿಪೆಟ್ಟಿನಲ್ಲಿ ಹೀರಿ, ಪುಟ್ಟ ನಳಿಕೆಯ ಒಣ ಮದ್ದಿನೊಂದಿಗೆ ಬೆರೆಸಿ, ತಿಳಿಯಾದ ಮೇಲೆ ಪರೀಕ್ಷೆ ನಡೆಯುವ ಪುಟ್ಟ ಚಿಪ್‌ನ ಕುಳಿಯೊಳಕ್ಕೆ ಬಿಡಬೇಕು. ಆರು ಮೈಕ್ರೋಲೀಟರ್ ಎಂದರೆ ಸೂಜಿಮೊನೆಯ ಹನಿ. ಅದರೊಳಗೆ ಗಾಳಿಗುಳ್ಳೆ ನುಸುಳಿದರೆ ಪರೀಕ್ಷೆ ಕೆಟ್ಟಿತು.

ನನ್ನ ಕೈಯಿಂದಲೂ ಕೆಟ್ಟಿದೆ. ಮದ್ದೂರಿನ ಕಡೆಯ ಆಲೆಮನೆಯೊಂದರಲ್ಲಿ ಬೆಲ್ಲದ ಕೊಪ್ಪರಿಗೆಗೆ ಉರಿ ಹಾಕುವ ಒಬ್ಬರು ಎರಡು ತಿಂಗಳಿಂದ ಕೆಮ್ಮುತ್ತಿದ್ದರು. ಹೊಗೆಯ ಕೆಮ್ಮೆಂದು ಮನೆಯವರೂ ಸುಮ್ಮನಿದ್ದರು. ಖಾಸಗಿ ಲ್ಯಾಬೊಂದರಲ್ಲಿ ಸ್ಲೈಡ್ ನೋಡಿಸಿ ಏನೂ ಇಲ್ಲವೆನ್ನಿಸಿಕೊಂಡು ಬಂದಿದ್ದರು. ಅವತ್ತು ಮಾದರಿಗಳ ಸಾಲು ದೊಡ್ಡದಿತ್ತು, ನಾನು ಅವಸರ ಮಾಡಿದೆ. ಪರದೆಯ ಮೇಲೆ ‘ಇನ್‌ವ್ಯಾಲಿಡ್’, ಅಂದರೆ ಪರೀಕ್ಷೆ ಅಮಾನ್ಯ, ಎಂದು ಬಂತು. ಉಳಿದ ಕಫವನ್ನು ನೋಡಿದರೆ ಅದು ಬರೀ ಎಂಜಲು. ಅವರು ಕೊಟ್ಟಾಗ ನಾನು ಬಾಟಲಿಯನ್ನು ಎತ್ತಿಯೂ ನೋಡಿರಲಿಲ್ಲ. ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ ಹತ್ತಿ ಬಂದಿದ್ದ ಮನುಷ್ಯ. “ನಾಳೆ ಮತ್ತೆ ಬರಬೇಕಾ ಸಾರ್?” ಎಂದು ಅವರು ಕೇಳಿದಾಗ ತಪ್ಪು ನನ್ನದೆಂದೇ ಹೇಳಿದೆ.

ಮರುದಿನದಿಂದ ನನ್ನ ರೀತಿ ಬದಲಾಯಿತು. ಯಂತ್ರದ ಮುಂದೆ ಕೂರುವ ಮೊದಲು ರೋಗಿಯ ಜೊತೆ ಹೊರಗೆ, ಬಿಸಿಲು ಗಾಳಿ ಇರುವ ಜಾಗದಲ್ಲಿ ನಿಲ್ಲುತ್ತೇನೆ. “ಅಣ್ಣಾ, ಬಾಯಿ ಮುಕ್ಕಳಿಸಿ. ಎರಡು ಸಲ ಉಸಿರನ್ನು ಆಳಕ್ಕೆ ಎಳೆದುಕೊಳ್ಳಿ. ಮೂರನೆಯದಕ್ಕೆ ಎದೆಯಿಂದ ಕೆಮ್ಮಿ. ಎಂಜಲು ಬೇಡ, ಕಫ ಬೇಕು” ಎನ್ನುತ್ತೇನೆ. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಮಂದವಾಗಿ, ಹಳದಿಯಾಗಿ ಇದ್ದರೆ ಒಳಕ್ಕೆ. ನೀರಾಗಿದ್ದರೆ ಮತ್ತೊಮ್ಮೆ ಕೆಮ್ಮಿಸುತ್ತೇನೆ. ಎಷ್ಟು ಲಕ್ಷದ ಯಂತ್ರವಾದರೂ ಬಾಟಲಿಯಲ್ಲಿ ಇಲ್ಲದ್ದನ್ನು ಹುಡುಕಿಕೊಡಲಾರದು.

ಆಲೆಮನೆಯ ಆ ಮನುಷ್ಯರ ಎರಡನೆಯ ಮಾದರಿಯಲ್ಲಿ ಪರದೆಯ ಗೆರೆ ಮೇಲೆದ್ದಿತು: ಕ್ಷಯ ಇದೆ. ಅದೇ ಡಿಎನ್‌ಎಯನ್ನು ಇನ್ನೊಂದು ಚಿಪ್‌ಗೆ ಹಾಕಿದೆ. ಕ್ರಿಮಿಯ ಆರ್‌ಪಿಒಬಿ ಎಂಬ ಜೀನಿನಲ್ಲಿ ಬದಲಾವಣೆಯಾಗಿದ್ದರೆ ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್ ನಾಟುವುದಿಲ್ಲ. ಆಗಿತ್ತು.

ಮೈಸೂರಿನ ಕೆಆರ್‌ಎಸ್ ರಸ್ತೆಯ ಸ್ಯಾನಟೋರಿಯಂಗೆ ಕ್ಷಯಕ್ಕೆ ಬಲಿಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿದೆ. ಅದು ಶುರುವಾದ ಕಾಲಕ್ಕೆ ಗಾಳಿ, ಊಟ, ವಿಶ್ರಾಂತಿ ಬಿಟ್ಟರೆ ಕ್ಷಯಕ್ಕೆ ಮದ್ದಿರಲಿಲ್ಲ. ಔಷಧಗಳು ಬಂದ ಮೇಲೂ ಇಂಥ ಜಿದ್ದಿನ ಕ್ಷಯಕ್ಕೆ ಒಂದೂವರೆ ವರ್ಷಕ್ಕೂ ಮೀರಿದ ಚಿಕಿತ್ಸೆ, ತಿಂಗಳುಗಟ್ಟಲೆ ಸೂಜಿ. ನಡುವೆಯೇ ಕೈಬಿಟ್ಟವರನ್ನು ಕಂಡಿದ್ದೇನೆ. 2024ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಒಪ್ಪಿದ ಹೊಸ ಕ್ರಮದಲ್ಲಿ ನಾಲ್ಕೇ ಔಷಧ, ಎಲ್ಲವೂ ಮಾತ್ರೆ: ಬೆಡಾಕ್ವಿಲಿನ್, ಪ್ರೆಟೊಮಾನಿಡ್, ಲಿನೆಜೋಲಿಡ್, ಮಾಕ್ಸಿಫ್ಲಾಕ್ಸಾಸಿನ್. ಸಾಮಾನ್ಯವಾಗಿ ಆರು ತಿಂಗಳು. ಆದರೆ ಹೃದಯದ ಇಸಿಜಿ, ರಕ್ತಪರೀಕ್ಷೆ ತಪ್ಪಿಸುವಂತಿಲ್ಲ. ಲಿನೆಜೋಲಿಡ್‌ನಿಂದ ಕಾಲು ಜೋಮು ಹಿಡಿಯಬಹುದು, ರಕ್ತ ಕಡಿಮೆಯಾಗಬಹುದು. ಅವರಿಗೂ ಪಾದ ಉರಿಯುತ್ತಿತ್ತು. ಹೇಳಿಕೊಂಡಿದ್ದರಿಂದ ವೈದ್ಯರು ಪ್ರಮಾಣ ಸರಿಪಡಿಸಿದರು.

ಗುಣವಾಯಿತೇ ಎಂದು ತಿಳಿಯಲು ಟ್ರೂನ್ಯಾಟ್ ಬಳಸುವಂತಿಲ್ಲ, ಏಕೆಂದರೆ ಅದು ಸತ್ತ ಕ್ರಿಮಿಯ ಡಿಎನ್‌ಎಯನ್ನೂ ಇದೆ ಎನ್ನುತ್ತದೆ. ಸ್ಲೈಡ್ ಅವರ ಮಟ್ಟಿಗೆ ಮೊದಲೇ ಸೋತಿತ್ತು. ಉಳಿದದ್ದು ಕಲ್ಚರ್: ಜೀವಂತ ಕ್ರಿಮಿ ಇದ್ದರೆ ದ್ರವದಲ್ಲಿ ಬೆಳೆಯಬೇಕು, ಇಲ್ಲವೆನ್ನಲು 42 ದಿನ ಕಾಯಬೇಕು. ಕಾದೆವು. ಬೆಳವಣಿಗೆ ಇರಲಿಲ್ಲ. ಫೋನ್ ಮಾಡಿದಾಗ ಅವರು ಆಲೆಮನೆಯಲ್ಲಿದ್ದರು. ಗಾಣದ ಸದ್ದಿಗೆ ಕೇಳಿಸದೆ, ಆಚೆ ಬಂದು, ಫಲಿತಾಂಶವನ್ನು ಎರಡು ಸಲ ಹೇಳಿಸಿಕೊಂಡರು.